ಓಡಿದರೆ ತಾನೇ ಎಂಜಿನ್

ಹೊಸ ಕೆಲಸಕ್ಕೆ ಕೈಹಾಕುವ ಮೊದಲು ಗಣಪನಿಗೆ ಕೈಮುಗಿಯಬೇಕೆಂಬ ಪದ್ಧತಿಯನ್ನು ನಮ್ಮ ರಾಜಕಾರಣಿಗಳಷ್ಟು ಶ್ರದ್ಧೆಯಿಂದ ಪಾಲಿಸುವವರು ಕಡಿಮೆ. 1999ರಲ್ಲಿ ಕಾಂಗ್ರೆಸ್ಸಿನ ಎಸ್. ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆಯ ಬಸ್ಸು ಹೊರಟದ್ದು ಮುಳಬಾಗಿಲು ಬಳಿಯ ಕುರುಡುಮಲೆಯ ಗಣೇಶನ ಮುಂದಿನಿಂದ; 2023ರಲ್ಲಿ ಅದೇ ಪಕ್ಷದ ಪ್ರಜಾಧ್ವನಿ ಯಾತ್ರೆಯ ಬಸ್ಸೂ ಇಲ್ಲಿ ಪೂಜೆ ಮುಗಿಸಿಕೊಂಡೇ ಮುಂದೆ ಹೋಯಿತು. ಯಾತ್ರೆಗೆ ಬಸ್ಸೇ ಏಕೆ ಎಂದು ಯಾರೂ ಕೇಳಲಿಲ್ಲ, ಕೇಳಬೇಕಾದದ್ದೂ ಇಲ್ಲ. ಕುರುಡುಮಲೆಗೆ ಮಾತ್ರವಲ್ಲ, ಮುಳಬಾಗಿಲು ಪಟ್ಟಣಕ್ಕೂ ರೈಲಿಲ್ಲ. ರೈಲು ಹತ್ತಬೇಕಾದವರು ಕೋಲಾರಕ್ಕೋ ಬಂಗಾರಪೇಟೆಗೋ ಹೋಗಬೇಕು. ಇಂಥ ಊರನ್ನು ಎದುರಿಗಿಟ್ಟುಕೊಂಡು ಹಳೆಯ ಡೀಸೆಲ್ ಎಂಜಿನ್ನುಗಳ ಪರವಾಗಿ ಮಾತಾಡಲು ಹೊರಟಿರುವುದು ವಿಚಿತ್ರವಾಗಿ ಕಾಣಬಹುದು. ಹೇಳಬೇಕಾದದ್ದು ಇಷ್ಟೇ: ಬೆಂಗಳೂರಿನಿಂದ ಬಂಗಾರಪೇಟೆಗೆ, ಅಲ್ಲಿಂದ ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರಗಳನ್ನು ಸುತ್ತಿ ಯಲಹಂಕಕ್ಕೆ ಸೇರುವ ಹಳಿಯ ಮೇಲೆ ಒಂದಾದರೂ ಹಳೆಯ ಡೀಸೆಲ್ ಎಂಜಿನ್ ಆಗಾಗ ಓಡಬೇಕು. ನಿಲ್ದಾಣದ ಮುಂದೆ ಕಟ್ಟೆ ಕಟ್ಟಿ, ಬಣ್ಣ ಬಳಿದು, ಸುತ್ತ ಬೇಲಿ ಹಾಕಿ ನಿಲ್ಲಿಸಿದರೆ ಸಾಲದು.

ಈ ಹಳಿಯ ಕಥೆ ಶುರುವಾಗುವುದು ಡೀಸೆಲ್ಲಿನಿಂದಲ್ಲ. 1894ರಲ್ಲಿ ಚಿನ್ನದ ಗಣಿಗಾಗಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ದೊಡ್ಡ ಹಳಿ ಬಂತು. ಆಗಿನ ಬೌರಿಂಗ್‌ಪೇಟೆಯೇ ಈಗಿನ ಬಂಗಾರಪೇಟೆ. ಕೋಲಾರ ಜಿಲ್ಲೆಯ ಉಳಿದ ಊರುಗಳಿಗೆ ಬಂದದ್ದು ಎರಡೂವರೆ ಅಡಿ ಅಗಲದ ಸಣ್ಣ ಹಳಿ. 1913ರಲ್ಲಿ ಅದು ಕೋಲಾರವನ್ನು ಮುಟ್ಟಿತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಚಿಕ್ಕಬಳ್ಳಾಪುರ, ನಂದಿ, ದೇವನಹಳ್ಳಿಗಳ ಮೂಲಕ ಯಲಹಂಕದ ಕಡೆಗೂ ಕೂಡಿಕೊಂಡಿತು. ಎಂಟು ದಶಕ ಈ ಸೀಮೆಯ ರೇಷ್ಮೆಗೂಡನ್ನೂ ತರಕಾರಿಯನ್ನೂ ಮದುವೆ ದಿಬ್ಬಣಗಳನ್ನೂ ಹೊತ್ತ ಆ ಸಣ್ಣ ರೈಲು 1990ರ ದಶಕದಲ್ಲಿ ನಿಂತುಹೋಯಿತು. ಬಂಗಾರಪೇಟೆ–ಕೋಲಾರದ ನಡುವೆ ಬ್ರಾಡ್‌ಗೇಜ್ ಬೇಗ ಬಂದರೂ ಕೋಲಾರ–ಚಿಕ್ಕಬಳ್ಳಾಪುರದ ನಡುವೆ ರೈಲು ಮತ್ತೆ ಓಡಿದ್ದು 2013ರ ನವೆಂಬರಿನಲ್ಲಿ. ಆ ಕಾಯುವಿಕೆಯಲ್ಲಿ ಒಂದು ತಲೆಮಾರು ರೈಲನ್ನೇ ಮರೆತು ಬಸ್ಸಿಗೆ ಒಗ್ಗಿಕೊಂಡಿತು. ಬಂಗಾರಪೇಟೆ–ಕೋಲಾರದ ಹದಿನೆಂಟು ಕಿಲೋಮೀಟರಿನಲ್ಲಂತೂ ಹಲವು ವರ್ಷ ಓಡಿದ್ದು ರೈಲ್‌ಬಸ್: ಹಳಿಯ ಮೇಲೆ ಕೂರಿಸಿದ, ತನ್ನದೇ ಡೀಸೆಲ್ ಎಂಜಿನ್ ಹೊತ್ತ ಒಂಟಿ ಬೋಗಿ. ಮೀಟರ್‌ಗೇಜಿನ ಕಾಲದಲ್ಲಿ ಶಿವಮೊಗ್ಗ–ತಾಳಗುಪ್ಪದ ನಡುವೆಯೂ ಇಂಥದೇ ರೈಲ್‌ಬಸ್ ಓಡುತ್ತಿತ್ತು. ಆಚೆ ಬಸ್ಸೂ ಅಲ್ಲದ, ಈಚೆ ರೈಲೂ ಅಲ್ಲದ ಈ ಬಂಡಿಯನ್ನು ನೋಡಿ ನಕ್ಕವರು ಎಷ್ಟೋ ಮಂದಿ. ಆದರೆ ಜನ ಕಡಿಮೆ, ದೂರ ಕಡಿಮೆ, ದುಡ್ಡೂ ಕಡಿಮೆ ಇರುವಲ್ಲಿ ರೈಲನ್ನು ಜೀವಂತ ಇಡುವುದು ಹೇಗೆಂಬ ಪ್ರಶ್ನೆಗೆ ಅದೊಂದು ಪ್ರಾಮಾಣಿಕ ಉತ್ತರವಾಗಿತ್ತು.

ಇಲ್ಲಿಯವರೆಗೆ ಈ ಹಾದಿಯಲ್ಲಿ ಪರಂಪರೆ ಎಂದು ನಾವು ಗುರುತಿಸಿರುವುದು ಕಟ್ಟಡಗಳನ್ನು. ನಂದಿ ಹಾಲ್ಟ್, ಆವತಿಹಳ್ಳಿ, ದೇವನಹಳ್ಳಿ, ದೊಡ್ಡಜಾಲದ ಹಳೆಯ ನಿಲ್ದಾಣಗಳನ್ನು ಪರಂಪರೆ ಸಂರಕ್ಷಣೆಯ ಸಂಸ್ಥೆಯಾದ ಇನ್‌ಟ್ಯಾಕ್‌ನವರು ಮುತುವರ್ಜಿಯಿಂದ ದುರಸ್ತಿಗೆ ಎತ್ತಿಕೊಂಡಿದ್ದಾರೆ. ಕಲ್ಲುಗೋಡೆ, ಮಂಗಳೂರು ಹೆಂಚು, ಮರದ ಕಿಟಕಿ ಮತ್ತೆ ಕಣ್ಣಿಗೆ ಬಿದ್ದಿವೆ. ಒಳ್ಳೆಯ ಕೆಲಸ, ಸಂಶಯವಿಲ್ಲ. ಆದರೆ ನಿಲ್ದಾಣವೆಂಬುದು ಬಂಡಿ ಬರುತ್ತದೆಂಬ ನಂಬಿಕೆಯ ಮೇಲೆ ಕಟ್ಟಿದ್ದು. ಆ ಬಂಡಿ ಯಾವುದು? ಹಳೆಯ ಸಣ್ಣ ಹಳಿಯ ಉಗಿ ಎಂಜಿನ್ನನ್ನು ತರೋಣವೆಂದರೆ 762 ಮಿಲಿಮೀಟರಿನ ಚಕ್ರ 1676 ಮಿಲಿಮೀಟರಿನ ಹಳಿಯ ಮೇಲೆ ನಿಲ್ಲುವುದಿಲ್ಲ. ಎಲ್ಲಿಂದಲೋ ಬ್ರಾಡ್‌ಗೇಜಿನ ಉಗಿ ಎಂಜಿನ್ ತಂದು ಓಡಿಸಬಹುದು. ಫೋಟೊ ಚೆನ್ನಾಗಿ ಬರುತ್ತದೆ, ಆದರೆ ಅದು ಈ ಹಾದಿಯ ಚರಿತ್ರೆಯಲ್ಲ, ವೇಷ. ಸಣ್ಣ ಹಳಿ ಹೋಗಿ ದೊಡ್ಡ ಹಳಿ ಬಂದಂದಿನಿಂದ ಮೊನ್ನೆ ಮೊನ್ನೆ ವಿದ್ಯುತ್ ತಂತಿ ಎಳೆಯುವವರೆಗೆ ಇಲ್ಲಿ ಓಡಿದ್ದು ಡೀಸೆಲ್. ತಂತಿಯ ಕೆಳಗೆ ಡೀಸೆಲ್ ಎಂಜಿನ್ ಓಡುವುದಕ್ಕೆ ಅಡ್ಡಿಯೂ ಇಲ್ಲ. ಈ ಹಳಿ ತನ್ನ ನೆನಪನ್ನು ತಾನೇ ಎಳೆದುಕೊಂಡು ಹೋಗಬೇಕಾದರೆ ಡೀಸೆಲ್ಲೇ ಬೇಕು.

ಇನ್ನೊಂದು ಕಾರಣವೂ ಇದೆ. ಬೆಂಗಳೂರು–ಮಾಲೂರು–ಬಂಗಾರಪೇಟೆಯ ಸೀಮೆ ಡೀಸೆಲ್ ಕಸುಬಿನ ಸೀಮೆ. ಕೃಷ್ಣರಾಜಪುರದ ಲೋಕೊ ಶೆಡ್ಡಿನಲ್ಲಿ ದಶಕಗಳ ಕಾಲ ಡೀಸೆಲ್ ಎಂಜಿನ್ನುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದರು. ಡಾರ್ಜಿಲಿಂಗ್ ಬೆಟ್ಟದ ಪುಟ್ಟ ರೈಲನ್ನು ಎಳೆಯುವ ಎನ್‌ಡಿಎಂ–6 ಡೀಸೆಲ್ ಎಂಜಿನ್ನುಗಳು ತಯಾರಾದದ್ದು ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ. ಕೆಜಿಎಫ್‌ನಲ್ಲಿ ಗಣಿ ಸೊರಗುತ್ತಿದ್ದಾಗ ಮಣ್ಣು ಬಗೆಯುವ ದೈತ್ಯ ಯಂತ್ರಗಳನ್ನು ಕಟ್ಟುತ್ತಿದ್ದದ್ದು ಬಿಇಎಂಎಲ್. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಬುಲ್ಡೋಜರಿನ ಕಾರ್ಖಾನೆ ಉಳಿಯಿತು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯ ಹೊಲಗಳಲ್ಲಿ ಕಪಿಲೆ ನಿಂತ ಮೇಲೆ ಕರೆಂಟು ತಲುಪದ ಬಾವಿಗಳಿಂದ ನೀರೆತ್ತಿದ್ದೂ ಡೀಸೆಲ್ ಪಂಪ್‌ಸೆಟ್ಟೇ. ಕಪಿಲೆಯ ಮಾತು ಬಂದದ್ದರಿಂದ ಹೇಳಬೇಕು: ಕಪಿಲೆಯನ್ನು ಉಳಿಸಿಕೊಳ್ಳಬೇಕೆಂದು ಆ ಕಾಲದಲ್ಲಿ ಯಾರಿಗೂ ತೋಚಲಿಲ್ಲ, ಏಕೆಂದರೆ ಅದು ಎಲ್ಲ ಬಾವಿಯ ಮೇಲೂ ಇತ್ತು. ಇಂದು ಎತ್ತು ಹಿಂದಕ್ಕೆ ನಡೆದು ಚರ್ಮದ ಬಾನಿಯನ್ನು ಇಳಿಸುವ ಆ ಲಯವನ್ನು ಮಕ್ಕಳಿಗೆ ತೋರಿಸಬೇಕೆಂದರೆ ಚಿತ್ರವೇ ಗತಿ. ಎಲ್ಲೆಲ್ಲೂ ಇರುವ ವಸ್ತುವೇ ಎಲ್ಲಕ್ಕಿಂತ ಸದ್ದಿಲ್ಲದೆ ಮಾಯವಾಗುತ್ತದೆ.

ಡಬ್ಲ್ಯುಡಿಎಂ–2 ಎಂಜಿನ್ನಿಗೆ ಆಗುತ್ತಿರುವುದು ಇದೇ. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ ಈ ಎಂಜಿನ್ 1962ರಲ್ಲಿ ನಮ್ಮ ದೇಶಕ್ಕೆ ಬಂತು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಆಲ್ಕೋ ತನ್ನೂರಾದ ಷೆನೆಕ್ಟಡಿಯಲ್ಲಿ 1969ರಲ್ಲಿ ಬಾಗಿಲು ಹಾಕಿತು. ಹುಟ್ಟಿದ ಮನೆ ಮುಚ್ಚಿದ ಮೇಲೂ ಕೊಟ್ಟ ಮನೆಯಲ್ಲಿ ವಂಶ ಬೆಳೆಯಿತು: ನಾವು ಕಟ್ಟಿದ್ದು ಎರಡೂವರೆ ಸಾವಿರಕ್ಕೂ ಹೆಚ್ಚು. ಹದಿನಾರು ಸಿಲಿಂಡರು, 2600 ಅಶ್ವಶಕ್ತಿ, ನೂರು ಟನ್ನಿಗೂ ಮೀರಿದ ತೂಕ. ಡೀಸೆಲ್ ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಆ ಕರೆಂಟು ಆರು ಮೋಟಾರುಗಳನ್ನು, ಮೋಟಾರುಗಳು ಚಕ್ರಗಳನ್ನು. ಅಂದರೆ ಇದೂ ಒಂದು ವಿದ್ಯುತ್ ಎಂಜಿನ್ನೇ, ಕರೆಂಟಿನ ಮನೆಯನ್ನು ಬೆನ್ನ ಮೇಲೆ ಹೊತ್ತದ್ದು ಅಷ್ಟೆ. ಚಾಲಕ ಶಕ್ತಿಯ ಹಿಡಿಯನ್ನು ಒಂದು ಹಂತ, ಅಂದರೆ ಒಂದು ನಾಚ್, ಏರಿಸಿದ ಕೂಡಲೇ ಇಂಧನ ನುಗ್ಗುತ್ತದೆ, ಆದರೆ ಗಾಳಿ ತಳ್ಳುವ ಟರ್ಬೊ ವೇಗ ಹಿಡಿಯಲು ಕೆಲವು ಕ್ಷಣ ಬೇಕು. ಆ ನಡುವಿನ ಅರೆಬೆಂದ ಇಂಧನವೇ ಆಕಾಶಕ್ಕೆ ಏಳುವ ಕಪ್ಪು ಹೊಗೆ. ಉಗಿ ಹೋದ ಮೇಲೂ ಕನ್ನಡದಲ್ಲಿ ರೈಲಿಗಿದ್ದ ‘ಹೊಗೆಬಂಡಿ’ ಎಂಬ ಹೆಸರಿನ ಮಾನ ಕಾಪಾಡಿದ್ದು ಈ ಆಲ್ಕೋ! ಈಗ ಅದರ ಆಯುಸ್ಸು ಮುಗಿದಿದೆ. ಬ್ರಾಡ್‌ಗೇಜಿನ ಹೆಚ್ಚುಕಡಿಮೆ ಎಲ್ಲ ಹಾದಿಗೂ ತಂತಿ ಬಂದಿದೆ. ಎರಡು ಹಳೆಯ ಆಲ್ಕೋ ಬಗೆಯ ಎಂಜಿನ್ನುಗಳನ್ನು ಜೋಡಿಸಿ ವಿದ್ಯುತ್ ಎಂಜಿನ್ನಾಗಿ ಮಾರ್ಪಡಿಸಿದ್ದನ್ನು 2019ರಲ್ಲಿ ಪ್ರಧಾನಿ ಬಾವುಟ ಬೀಸಿ ಕಳಿಸಿದರು. ಮರುವರ್ಷ ವಾರಾಣಸಿಯ ಕಾರ್ಖಾನೆ ತನ್ನ ಹೆಸರಿನಿಂದಲೇ ‘ಡೀಸೆಲ್’ ಪದವನ್ನು ಕಳಚಿಕೊಂಡಿತು. ಉಳಿದವು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.

‘ಅರವತ್ತು ವರ್ಷದ ವಸ್ತು ಪರಂಪರೆಯೇ? ಉಗಿ ಎಂಜಿನ್ನಿಗೆ ಒಂದು ಚೆಲುವಿದೆ, ಉಸಿರಿದೆ. ಡೀಸೆಲ್ ಎಂದರೆ ಕಬ್ಬಿಣದ ಪೆಟ್ಟಿಗೆ’ ಎಂಬ ಆಕ್ಷೇಪ ಸಹಜ. ಬ್ರಿಟನ್ನಿನಲ್ಲೂ ಇದನ್ನೇ ಅಂದಿದ್ದರು. ಅಲ್ಲಿ 1968ರಲ್ಲಿ ಉಗಿ ನಿಂತಾಗ ಅತ್ತವರು ಡೀಸೆಲ್ಲನ್ನು ಶತ್ರುವಿನಂತೆ ಕಂಡರು. ಆದರೆ 22 ಮಾತ್ರ ತಯಾರಾಗಿದ್ದ, 3300 ಅಶ್ವಶಕ್ತಿಯ ಡೆಲ್ಟಿಕ್ ಎಂಜಿನ್ನುಗಳು ಇನ್ನೂ ಸೇವೆಯಲ್ಲಿದ್ದಾಗಲೇ, 1977ರಲ್ಲಿ, ಅವುಗಳನ್ನು ಉಳಿಸಲು ಅಭಿಮಾನಿಗಳು ಸಂಘ ಕಟ್ಟಿಕೊಂಡರು. 1982ರ ಆರಂಭಕ್ಕೆ ಎಲ್ಲವೂ ನಿವೃತ್ತವಾದವು, ಆರು ಉಳಿದವು. ಅಲ್ಲಿನ ಪರಂಪರೆಯ ರೈಲುಗಳಲ್ಲಿ ಇಂದು ಡೀಸೆಲ್ ದಿನಗಳೆಂದೇ ಜಾತ್ರೆಗಳು ನಡೆಯುತ್ತವೆ. ಗುಜರಿಯವನು ಬರುವ ಮೊದಲೇ ಎಚ್ಚರಗೊಂಡವರಿಗೆ ಎಂಜಿನ್ ಸಿಕ್ಕಿತು. ನಮ್ಮ ನೆರೆಯಲ್ಲೇ ನೋಡಿ. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ನೀಲಗಿರಿಯ ಬೆಟ್ಟದ ರೈಲಿನಲ್ಲಿ ಹಲ್ಲುಹಳಿಯ ಕಡಿದಾದ ಭಾಗವನ್ನು ಏರುವುದು ಉಗಿ. ಕೂನೂರಿನಿಂದ ಬಡಗರ ಹಟ್ಟಿಗಳ ನಡುವೆ ಉದಕಮಂಡಲಕ್ಕೆ ಎಳೆಯುವುದು ವೈಡಿಎಂ–4 ಡೀಸೆಲ್. ಅಲ್ಲಿನ ಕೆಲವು ಉಗಿ ಎಂಜಿನ್ನುಗಳೂ ಕಲ್ಲಿದ್ದಲು ಬಿಟ್ಟು ಎಣ್ಣೆ ಉರಿಸುತ್ತವೆ. ಪರಂಪರೆಗೆ ನಾವು ಎಳೆದುಕೊಂಡ ಗೆರೆ ಹಳಿಯ ಮೇಲೆ ಅಷ್ಟು ನೇರವಾಗಿಲ್ಲ.

ನೀಲಗಿರಿ ಕಲಿಸುವ ಇನ್ನೂ ದೊಡ್ಡ ಪಾಠ ಬೇರೆಯದು. ಅಲ್ಲಿನ ಸ್ವಿಸ್ ಎಂಜಿನ್ನುಗಳು ಮುಪ್ಪಾದಾಗ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರ ಅದೇ ಮಾದರಿಯ ಹೊಸ ಉಗಿ ಎಂಜಿನ್ನುಗಳನ್ನು ಈ ಶತಮಾನದಲ್ಲಿ ಕಟ್ಟಿಕೊಟ್ಟಿತು. ಅದು ಸಾಧ್ಯವಾದದ್ದು ನಕ್ಷೆಯೊಂದರಿಂದಲೇ ಅಲ್ಲ. ಬೆಟ್ಟದ ರೈಲು ಓಡುತ್ತಲೇ ಇದ್ದುದರಿಂದ ಬಾಯ್ಲರ್ ಬೆಸೆಯುವ, ಪಿಸ್ಟನ್ ಕೂರಿಸುವ ಕೈಗಳು ಅಲ್ಲಿ ಉಳಿದಿದ್ದವು. ಕಟ್ಟೆಯ ಮೇಲೆ ನಿಂತ ಎಂಜಿನ್ನಿಗೆ ಬೇಕಾಗುವುದು ಪೇಂಟರು ಮಾತ್ರ. ಓಡುವ ಎಂಜಿನ್ನಿಗೆ ಅದರ ವೇಗ ಹಿಡಿದಿಡುವ ಗವರ್ನರಿನ ಸದ್ದು ಕೇಳಿಯೇ ದೋಷ ಹಿಡಿಯುವ ಫಿಟ್ಟರು ಬೇಕು, ಎಣ್ಣೆಯ ಮಾದರಿಯಲ್ಲಿ ಲೋಹದ ಕಣ ನೋಡಿ ಬೇರಿಂಗ್ ಸವೆದಿದೆಯೆಂದು ಹೇಳುವವರು ಬೇಕು, ಏರಿನಲ್ಲಿ ಯಾವ ನಾಚ್ ಎಂದು ಅಂಗೈಗೇ ಗೊತ್ತಿರುವ ಚಾಲಕ ಬೇಕು. ಕುರುಡುಮಲೆಯ ಸೋಮೇಶ್ವರ ಗುಡಿಯ ಒಂದು ಭಾಗ ಶಿಲ್ಪಿ ಜಕಣಾಚಾರಿಯದು, ಇನ್ನೊಂದು ಅವನ ಮಗ ಡಂಕಣನದು ಎಂದು ಊರವರು ತೋರಿಸುತ್ತಾರೆ. ಮಗನ ಕೆತ್ತನೆ ಹೆಚ್ಚು ನಯವೆಂದೂ ಹೇಳುತ್ತಾರೆ. ಅದು ಚರಿತ್ರೆಯೋ ಐತಿಹ್ಯವೋ ಎಂಬ ವಾದ ಇಲ್ಲಿ ಬೇಡ. ಕಸುಬು ಕೈಯಿಂದ ಕೈಗೆ ದಾಟುವುದು ಕೆಲಸ ನಡೆಯುತ್ತಿರುವಾಗ ಎಂಬ ತಿಳಿವಳಿಕೆಯಂತೂ ಆ ಕಥೆಯೊಳಗಿದೆ. ಆಲ್ಕೋ ಎಂಜಿನ್ನನ್ನು ಕಣ್ಣುಮುಚ್ಚಿ ಬಿಚ್ಚಿ ಕಟ್ಟಬಲ್ಲ ತಲೆಮಾರು ನಿವೃತ್ತಿಯ ಅಂಚಿನಲ್ಲಿದೆ, ಕೆಲವರು ಆಗಲೇ ದಾಟಿದ್ದಾರೆ. ಕಬ್ಬಿಣವನ್ನು ಇನ್ನೂ ಹತ್ತು ವರ್ಷ ಬಿಟ್ಟು ಹುಡುಕಿದರೂ ಎಲ್ಲೋ ಒಂದು ಮೂಲೆಯಲ್ಲಿ ಸಿಕ್ಕೀತು. ಈ ಕೈಗಳು ಸಿಗುವುದಿಲ್ಲ.

ಹೊಗೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆಲ್ಕೋ ಶುಭ್ರ ಯಂತ್ರವಲ್ಲ. ಸುಮ್ಮನೆ ನಿಂತಾಗಲೂ ಡೀಸೆಲ್ ಕುಡಿಯುತ್ತದೆ. ದಿನನಿತ್ಯದ ರೈಲುಗಳು ವಿದ್ಯುತ್ತಿಗೆ ತಿರುಗಿದ್ದು ಸರಿಯೇ ಸರಿ. ತಿಂಗಳಿಗೊಂದು ಭಾನುವಾರ ಒಂದು ಎಂಜಿನ್ ಓಡಿದರೆ ಆಗುವ ಹಾನಿ ಸೊನ್ನೆಯಲ್ಲ, ಆದರೆ ಆ ಭಾನುವಾರ ನಂದಿಬೆಟ್ಟಕ್ಕೆ ಏರುವ ಕಾರುಗಳ ಸಾಲನ್ನು ನೋಡಿದವರು ಇದನ್ನು ಅಳತೆಗಿಟ್ಟೇ ನೋಡಿಯಾರು. ಇದಕ್ಕಿಂತ ಬಲವಾದ ಆಕ್ಷೇಪ ಮುಳಬಾಗಿಲಿನಿಂದ, ಶ್ರೀನಿವಾಸಪುರದಿಂದ ಬರಬೇಕು: ನಮಗೆ ಕೆಲಸಕ್ಕೆ ಹೋಗಲು ಸಾಕಷ್ಟು ರೈಲಿಲ್ಲ, ಮುಳಬಾಗಿಲು ತಾಲ್ಲೂಕಿಗಂತೂ ಹಳಿಯೇ ಇಲ್ಲ, ನಿಮಗೆ ಆಟದ ರೈಲಿನ ಚಿಂತೆ! ಈ ಮಾತಿನ ಎದುರು ತಲೆಬಾಗಿಯೇ ಉತ್ತರ ಹೇಳಬೇಕು. ಒಂದು ಪ್ಯಾಸೆಂಜರ್ ರೈಲನ್ನು ತಡೆದು ನಿಲ್ಲಿಸಿ ಓಡುವುದಾದರೆ ಪರಂಪರೆಯ ರೈಲು ಬೇಡವೇ ಬೇಡ. ಆದರೆ ಕೋಲಾರ–ಚಿಕ್ಕಬಳ್ಳಾಪುರದ ಒಂಟಿ ಹಳಿ ರೈಲುಗಳಿಂದ ಕಿಕ್ಕಿರಿದ ಹಾದಿಯಲ್ಲ. ಖಾಲಿ ಬಿದ್ದಿರುವ ಹೊತ್ತೇ ಹೆಚ್ಚು. ಬಳಕೆ ಕಡಿಮೆಯೆಂಬ ನೆಪದಿಂದಲೇ ಸಣ್ಣ ಹಾದಿಗಳನ್ನು ಕಡೆಗಣಿಸುವ ಅಭ್ಯಾಸ ಆಡಳಿತಕ್ಕೆ ಇರುವುದರಿಂದ, ಹಾದಿಯ ಮೇಲೆ ಇನ್ನೂ ಒಂದು ಬಂಡಿ ಓಡುವುದು, ಅದಕ್ಕಾಗಿ ನಾಲ್ಕು ಊರಿನ ಜನ ಪ್ಲಾಟ್‌ಫಾರಂಗೆ ಬರುವುದು ದಿನದ ರೈಲು ಕೇಳುವವರ ಕೈಯನ್ನೇ ಬಲಪಡಿಸುತ್ತದೆ. ಖರ್ಚಿನ ಹೊರೆಯನ್ನು ಪ್ರವಾಸೋದ್ಯಮ ಇಲಾಖೆ ಹೊರಲಿ. ಪ್ಯಾಸೆಂಜರ್ ರೈಲಿನ ಲೆಕ್ಕಕ್ಕೆ ಅದನ್ನು ಸೇರಿಸುವುದು ಬೇಡ.

ಮೊದಲ ಹೆಜ್ಜೆ ದೊಡ್ಡದೇನಲ್ಲ. ಗುಜರಿಯ ಹರಾಜಿಗೆ ಹೋಗುವ ಮುನ್ನ ಓಡುವ ಸ್ಥಿತಿಯಲ್ಲಿರುವ ಒಂದು ಡಬ್ಲ್ಯುಡಿಎಂ–2ನ್ನು, ಅದು ಸಿಗದಿದ್ದರೆ ಅದೇ ವಂಶದ ಇನ್ನೊಂದನ್ನು ಹೆಸರಿಸಿ ಎತ್ತಿಡಬೇಕು. ಬಿಡಿಭಾಗಗಳಿಗಾಗಿ ಅದರ ಜೊತೆಗೆ ಮತ್ತೊಂದನ್ನು. ಎಲ್ಲಾದರೂ ಒಂದು ರೈಲ್‌ಬಸ್ ಉಳಿದಿದ್ದರೆ ಅದಕ್ಕೂ ಒಂದು ಸೈಡಿಂಗ್ ಕೊಡಬೇಕು. ನಿವೃತ್ತ ಫಿಟ್ಟರುಗಳನ್ನು ವಾರಕ್ಕೊಮ್ಮೆಯಾದರೂ ಶೆಡ್ಡಿಗೆ ಕರೆಸಿ ಐಟಿಐ ಹುಡುಗರ ಪಕ್ಕದಲ್ಲಿ ನಿಲ್ಲಿಸಬೇಕು. ಹಾಗೆ ಒಂದು ಭಾನುವಾರ ಬೆಳಿಗ್ಗೆ ಕೃಷ್ಣರಾಜಪುರದಿಂದ ಹೊರಟ ಎಂಜಿನ್ ಮಾಲೂರು, ಟೇಕಲ್ ದಾಟಿ ಬಂಗಾರಪೇಟೆಯ ಮೂಲಕ ಕೋಲಾರದಲ್ಲಿ ನಿಂತರೆ, ಇಳಿದವರಲ್ಲಿ ಕೆಲವರು ಮುಳಬಾಗಿಲು ಕಡೆಯ ಆವನಿಗೂ ಕುರುಡುಮಲೆಗೂ ಹೋಗಬಯಸುತ್ತಾರೆ. ಅಲ್ಲಿಂದ ಮುಂದಕ್ಕೆ ಅವರಿಗೂ ಬಸ್ಸೇ ಗತಿ, ಅದೂ ಡೀಸೆಲ್ಲಿನದೇ.