ಕಾವಿನಿಂದ ಕಿರಿಕಿರಿಗೆ

ಹೊಸ ಚಪ್ಪಲಿಯು ಹಿಮ್ಮಡಿಯ ಚರ್ಮವನ್ನು ಸವೆಯಿಸಿ ನೋಯಿಸಿದರೆ ಇಂಗ್ಲಿಷಿನವರು ಅದನ್ನು ‘ಚೇಫ್’ ಎನ್ನುವರು. ಮೇಲಧಿಕಾರಿಯ ಕಟ್ಟಳೆಗಳಿಗೆ ಸಿಕ್ಕಿ ಒಳಗೊಳಗೇ ಕುದಿಯುವ ಗುಮಾಸ್ತನ ಪಾಡಿಗೂ ಅವರಲ್ಲಿ ಅದೇ ಪದವುಂಟು. ಕಾಲಿನ ನೋವಿಗೂ ಮನಸ್ಸಿನ ಅಸಹನೆಗೂ ಒಂದೇ ಮಾತು ಸಲ್ಲುವುದು ಸೋಜಿಗವೇನಲ್ಲ. ಸೋಜಿಗವೆಂದರೆ, ಈ ಪದದ ಮೂಲದಲ್ಲಿ ನೋವಾಗಲಿ ಕೋಪವಾಗಲಿ ಉಜ್ಜುವಿಕೆಯಾಗಲಿ ಇಲ್ಲದಿರುವುದು. ಅಲ್ಲಿರುವುದು ಬಿಸಿಯೊಂದೇ.

ಲ್ಯಾಟಿನ್ ಭಾಷೆಯಲ್ಲಿ ‘ಕಲೇರೆ’ ಎಂದರೆ ಬಿಸಿಯಾಗಿರುವುದು. ‘ಫಾಕೆರೆ’ ಎಂದರೆ ಮಾಡುವುದು. ಇವೆರಡೂ ಕೂಡಿ, ಬಿಸಿಮಾಡು ಎಂಬರ್ಥದ ‘ಕಲೆಫಾಕೆರೆ’ ಎಂಬ ಪದವಾಯಿತು. ಜನರ ನಾಲಗೆಯ ಮೇಲೆ ಸವೆದು ಕಿರಿದಾದ ಅದೇ ಪದ ಹಳೆಯ ಫ್ರೆಂಚಿನಲ್ಲಿ ‘ಚೌಫೇರ್’ ಎಂದು ಕಾಣಿಸಿಕೊಂಡಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಆ ನಾಡಿನ ನುಡಿಗೆ ಹರಿದುಬಂದ ಅಸಂಖ್ಯ ಫ್ರೆಂಚ್ ಪದಗಳ ಸಾಲಿಗೆ ಇದೂ ಸೇರಿತು. ಆರಂಭದಲ್ಲಿ ಅಲ್ಲಿಯೂ ಅದರ ಅರ್ಥ ಬೆಚ್ಚಗೆ ಮಾಡು ಎಂದೇ.

ಹಾಗಾದರೆ ಬಿಸಿಯು ನೋವಾದುದು ಹೇಗೆ? ಚಳಿಗೆ ಮರಗಟ್ಟಿದ ಕೈಕಾಲುಗಳಿಗೆ ಕಾವು ಬರಿಸಲು ಅಂಗೈಯಿಂದ ಉಜ್ಜುವುದು ವಾಡಿಕೆ. ಬೆಚ್ಚಗೆ ಮಾಡು ಎಂಬ ಪದಕ್ಕೆ ‘ಉಜ್ಜಿ ಬೆಚ್ಚಗೆ ಮಾಡು’ ಎಂಬ ಅರ್ಥ ಬಂದಿತು. ಕ್ರಮೇಣ ಕಾವು ಹಿಂದೆ ಸರಿದು ಉಜ್ಜುವಿಕೆಯೇ ಮುಂದೆ ನಿಂತಿತು. ಉಜ್ಜುವಿಕೆ ಮಿತಿಮೀರಿದರೆ ಚರ್ಮ ಕೆಂಪಾಗಿ ಸುಲಿಯುವುದಷ್ಟೆ? ಇತ್ತ ಮನಸ್ಸು ಬಿಸಿಯಾಗುವುದನ್ನೂ ಅದೇ ಪದ ಸೂಚಿಸತೊಡಗಿತು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಕ್ಯಾಸಿಯಸನು ಬಿರುಗಾಳಿಯ ದಿನದ ಟೈಬರ್ ನದಿಯನ್ನು ಬಣ್ಣಿಸುವಾಗ ಈ ಪದವನ್ನು ಬಳಸುತ್ತಾನೆ. ಅಲ್ಲಿ ನೀರು ದಡವನ್ನು ತಿಕ್ಕುತ್ತಲೂ ಇದೆ, ದಡದ ಮೇಲೆ ಮುನಿಯುತ್ತಲೂ ಇದೆ.

ಮೂಲದ ಬಿಸಿ ಪೂರ್ಣವಾಗಿ ಆರಿಹೋಗಿಲ್ಲ. ಮದುವೆಯ ಔತಣಗಳಲ್ಲಿ ಕೆಳಗೆ ಸಣ್ಣ ಉರಿಯಿಟ್ಟು ಅಡುಗೆಯನ್ನು ಬಿಸಿಯಾಗಿ ಕಾಯುವ ಪಾತ್ರೆಗೆ ಇಂದಿಗೂ ‘ಚೇಫಿಂಗ್ ಡಿಷ್’ ಎಂದೇ ಹೆಸರು. ಮೋಟಾರು ನಡೆಸುವ ‘ಷೋಫರ್’ ಸಹ ಇದೇ ಮನೆತನದವನು. ಫ್ರೆಂಚಿನಲ್ಲಿ ಆ ಪದಕ್ಕೆ ಮೊದಲು ಇದ್ದ ಅರ್ಥ, ಉಗಿಯಂತ್ರದ ಒಲೆಗೆ ಬೆಂಕಿ ಹಾಕುವವನು ಎಂದು. ಆಹಾರದ ಶಕ್ತಿಯನ್ನು ಅಳೆಯುವ ‘ಕ್ಯಾಲೊರಿ’ ಇವರ ದಾಯಾದಿ. ಯಾವುದಕ್ಕೂ ಬಿಸಿಯೇರದ ಉದಾಸೀನನನ್ನು ಕುರಿತ ‘ನಾನ್‌ಷಲಂಟ್’ ಎಂಬ ಪದವೂ ‘ಕಲೇರೆ’ಯ ವಂಶದಲ್ಲಿಯೇ ಹುಟ್ಟಿದುದು.

ಕನ್ನಡಿಗರಿಗೆ ಈ ಹಾದಿ ಅಪರಿಚಿತವಲ್ಲ. ಪಾತ್ರೆಯನ್ನು ತಿಕ್ಕುವ ಕ್ರಿಯೆಯಿಂದಲೇ ಜನರ ನಡುವಣ ‘ತಿಕ್ಕಾಟ’ ಹುಟ್ಟಿದೆ. ಸಂಸ್ಕೃತದಿಂದ ಬಂದ ‘ಘರ್ಷಣೆ’ಯೂ ಉಜ್ಜುವಿಕೆಯೇ. ‘ತಾಪ’ವೆಂದರೆ ಬಿಸಿ, ಅದು ಇಬ್ಬರ ನಡುವೆ ಸುಳಿದರೆ ‘ಮನಸ್ತಾಪ’.

ಆದರೂ ‘ಚೇಫ್’ ಪದವನ್ನು ಕನ್ನಡಕ್ಕೆ ತರುವವನು ಎಚ್ಚರ ವಹಿಸಬೇಕು. ಚಪ್ಪಲಿಯ ಸಂದರ್ಭದಲ್ಲಿ ಕಷ್ಟವಿಲ್ಲ. ‘ಚಪ್ಪಲಿ ಕಚ್ಚುತ್ತದೆ’ ಎಂದರೆ ಮುಗಿಯಿತು. ಒಂದು ಜನಾಂಗ ಪರರ ಆಳ್ವಿಕೆಯಡಿ ‘ಚೇಫ್’ ಮಾಡುತ್ತಿತ್ತು ಎಂದು ಇತಿಹಾಸ ಗ್ರಂಥವೊಂದರಲ್ಲಿ ಬಂದಾಗಲೇ ತೊಡಕು. ಅದನ್ನು ‘ಸಿಡಿದೆದ್ದಿತು’ ಎಂದು ಅನುವಾದಿಸಿದರೆ ನಡೆಯದ ದಂಗೆಯೊಂದನ್ನು ನಡೆಸಿದಂತಾಗುವುದು. ‘ನರಳುತ್ತಿತ್ತು’ ಎಂದರೆ ಅಸಹನೆಯ ಕಾವೇ ಇಲ್ಲವಾಗುವುದು. ಚೇಫ್ ಎಂಬುದು ಒಂದೇ ಪೆಟ್ಟಿನ ನೋವಲ್ಲ. ನೊಗವು ದಿನದಿನವೂ ತಾಗಿ ಎತ್ತಿನ ಹೆಗಲು ಸವೆಯುವಂತೆ, ಅದು ಸಣ್ಣ ಸಣ್ಣ ತಾಗುವಿಕೆಗಳ ಮೊತ್ತ. ಎತ್ತು ಇನ್ನೂ ನೊಗವನ್ನು ಕೊಡವಿಲ್ಲ. ಹಾಗೆಂದು ಅದಕ್ಕೆ ಒಗ್ಗಿಯೂ ಇಲ್ಲ. ‘ಒಳಗೊಳಗೇ ಕುದಿಯುತ್ತಿತ್ತು’ ಎಂಬ ಮಾತು ಆ ನಡುವಣ ಸ್ಥಿತಿಗೆ ಹತ್ತಿರವಾದೀತು. ಮೂಲದ ಬಿಸಿಯೂ ಅದರಲ್ಲಿ ಉಳಿದೀತು.