ಅಗ್ಗದ ಕುಸ್ತಿ ಚಿತ್ರದ ಪರವಾಗಿ ಒಂದು ವಕಾಲತ್ತು

ಕಾವ್ಯದಲ್ಲಿ ಭೀಮನು ಜರಾಸಂಧನೊಡನೆ ತೋಳಿಗೆ ತೋಳು ಬೆಸೆದು ಹೆಣಗಿದರೆ ಅದು ವೀರರಸ. ಬೆಳ್ಳಿತೆರೆಯ ಮೇಲೆ ದಾರಾಸಿಂಗ್ ಅದನ್ನೇ ಮಾಡಿದರೆ ಅದು ಗಾಂಧಿಕ್ಲಾಸಿನವರ ಗದ್ದಲ! ರನ್ನನ ಗದಾಯುದ್ಧವನ್ನು ಪಾಠವಾಗಿ ಓದಿ ರೋಮಾಂಚನಗೊಂಡ ಮಹನೀಯರೇ ಕುಸ್ತಿಯ ಚಿತ್ರವೆಂದೊಡನೆ ಮೂಗು ಮುರಿಯುತ್ತಾರೆ. ಈ ಮೂಗು ಮುರಿಯುವಿಕೆಯಲ್ಲಿ ರಸವಿವೇಕ ಎಷ್ಟಿದೆ, ಬರಿಯ ಠೇಂಕಾರ ಎಷ್ಟಿದೆ ಎಂಬುದನ್ನು ಒಮ್ಮೆ ತೂಗಿ ನೋಡಬೇಕಾಗಿದೆ.

ಯಾವ ಚಿತ್ರಗಳ ಮಾತು ಇದು? 1962ರಲ್ಲಿ ಬಾಬುಭಾಯಿ ಮಿಸ್ತ್ರಿಯವರು ನಿರ್ದೇಶಿಸಿದ ‘ಕಿಂಗ್ ಕಾಂಗ್’, 1963ರ ‘ಫೌಲಾದ್’, 1964ರ ‘ಸ್ಯಾಮ್ಸನ್’ ಮತ್ತು ‘ಹರ್ಕ್ಯುಲಿಸ್’, 1965ರ ‘ಟಾರ್ಜನ್ ಕಮ್ಸ್ ಟು ಡೆಲ್ಲಿ’. ಹೀಗೆ ಬೊಂಬಾಯಿಯಲ್ಲಿ ಸಾಲುಸಾಲಾಗಿ ತಯಾರಾದ ಹಿಂದಿ ಸ್ಟಂಟ್ ಚಿತ್ರಗಳು. ಹೆಸರನ್ನು ಬೈಬಲಿನಿಂದ ತಂದರೋ, ಗ್ರೀಕರಿಂದ ಕಡ ಪಡೆದರೋ, ಅವರಿಗೆ ಚಿಂತೆಯಿಲ್ಲ. ಎಲ್ಲದರಲ್ಲಿಯೂ ಒಬ್ಬನೇ ಮಲ್ಲ, ಒಂದೇ ನ್ಯಾಯ: ಅರಮನೆಯಲ್ಲಿ ಕುಳಿತ ದುಷ್ಟನು ಕೊನೆಗೆ ಕಣಕ್ಕಿಳಿಯಲೇಬೇಕು, ಬೆನ್ನು ಮಣ್ಣಿಗೆ ಹಚ್ಚಲೇಬೇಕು.

ಆಕ್ಷೇಪಗಳು ನಮಗೆ ತಿಳಿಯದವಲ್ಲ. ಕಥೆ ತೆಳು, ಕೋಟೆ ರಟ್ಟಿನದು, ಹಾಸ್ಯ ಹಳಸಲು. ಎಲ್ಲವನ್ನೂ ಒಪ್ಪೋಣ. ಆದರೆ ಊಟದ ರುಚಿಯನ್ನು ಬಾಳೆಲೆಯ ಅಂಚನ್ನು ನೋಡಿ ನಿರ್ಧರಿಸುವುದುಂಟೆ? ಈ ಚಿತ್ರಗಳು ಬಡಿಸಲು ಬಂದದ್ದು ಕಥೆಯನ್ನಲ್ಲ, ಮನುಷ್ಯದೇಹದ ಸಾಮರ್ಥ್ಯವನ್ನು. ಅಲ್ಲಿ ಅವು ಮೋಸ ಮಾಡಲಿಲ್ಲ. ದಾರಾಸಿಂಗ್ ಬಣ್ಣ ಬಳಿದುಕೊಂಡು ಮಲ್ಲನಾದವರಲ್ಲ. 1928ರಲ್ಲಿ ಅಮೃತಸರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ದುಡಿಮೆಗಾಗಿ ಸಿಂಗಪುರಕ್ಕೆ ಹೋಗಿ, ಅಲ್ಲಿ ಕುಸ್ತಿಯಲ್ಲಿ ಪಳಗಿದವರು. 1954ರಲ್ಲಿ ‘ರುಸ್ತುಂ-ಎ-ಹಿಂದ್’ ಎನಿಸಿದರು. 1959ರಲ್ಲಿ ಕಲ್ಕತ್ತೆಯಲ್ಲಿ ಕಾಮನ್‌ವೆಲ್ತ್ ಬಿರುದನ್ನೂ, 1968ರಲ್ಲಿ ಬೊಂಬಾಯಿಯಲ್ಲಿ ಅಮೆರಿಕದ ಲೂ ಥೆಸ್ ಅವರನ್ನು ಸೋಲಿಸಿ ವಿಶ್ವ ಬಿರುದನ್ನೂ ಗಳಿಸಿದರು. ಅಂದರೆ ಆ ಚಿತ್ರಗಳಲ್ಲಿ ದುಡಿಯುತ್ತಿದ್ದ ದೇಹ ಅದೇ ಕಾಲದಲ್ಲಿ ಕಣದಲ್ಲಿಯೂ ದುಡಿಯುತ್ತಿದ್ದ ದೇಹ. ತೆರೆಯ ಮೇಲೆ ಕಂಡ ಆ ಕತ್ತು, ಆ ಭುಜ, ಆ ತೊಡೆ ದಂಡ ಬಸ್ಕಿಗಳ ಸಂಪಾದನೆ.

ಎತ್ತುವವನನ್ನು ಎಲ್ಲರೂ ನೋಡುತ್ತಾರೆ; ಬೀಳುವವನನ್ನು ನೋಡುವವನೇ ನಿಜವಾದ ರಸಿಕ. ಎದುರಾಳಿಯನ್ನು ತಲೆಯ ಮೇಲೆತ್ತಿ ಗಿರಗಿರನೆ ತಿರುಗಿಸಿ ಬಿಸಾಡುವ ಪಟ್ಟು ಈ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆಗ ಗಾಳಿಯಲ್ಲಿರುವ ಮನುಷ್ಯನ ಕೆಲಸವೇನು ಕಡಮೆಯೆ? ಅವನು ಗದ್ದವನ್ನು ಎದೆಗೊತ್ತಿಕೊಳ್ಳಬೇಕು, ತಲೆ ನೆಲಕ್ಕೆ ತಾಗದಂತೆ ಬೆನ್ನಿನ ಅಗಲಕ್ಕೆಲ್ಲ ಪೆಟ್ಟನ್ನು ಹಂಚಿಕೊಳ್ಳಬೇಕು, ಅಂಗೈಯಿಂದ ನೆಲವನ್ನು ಬಡಿದು ಬಿದ್ದ ರಭಸವನ್ನು ಚೆಲ್ಲಬೇಕು. ಒಂದು ಗೇಣು ತಪ್ಪಿದರೆ ಕತ್ತು ಮುರಿಯುತ್ತದೆ. ಮೇಲಿನವನು ಕೆಳಗಿನವನನ್ನು ಕಾಪಾಡುತ್ತ ಎಸೆಯಬೇಕು. ಕೆಳಗಿನವನು ಮೇಲಿನವನನ್ನು ನಂಬಿ ಬೀಳಬೇಕು. ಹಗೆತನದ ವೇಷದಲ್ಲಿ ಇಷ್ಟು ಹೊಂದಾಣಿಕೆ! ಇದು ಕಲೆಯಲ್ಲವಾದರೆ ನಾಟ್ಯವೂ ಕಲೆಯಲ್ಲ.

ಬಡತನವೂ ಇಲ್ಲಿ ಒಂದು ಉಪಕಾರ ಮಾಡಿತು. 1964ರ ‘ಸಂಗಮ್’ನಂಥ ದೊಡ್ಡ ಚಿತ್ರಗಳು ಬಣ್ಣದಲ್ಲಿ ಮೆರೆಯುತ್ತಿದ್ದಾಗ ಇವು ಬಹುಪಾಲು ಕಪ್ಪುಬಿಳುಪಿನಲ್ಲಿಯೇ ಉಳಿದವು. ಹಣವಿಲ್ಲದ ನಿರ್ಮಾಪಕನು ಕಣ್ಣು ಕೋರೈಸಲಾರ. ಎರಡು ದೇಹಗಳನ್ನು ಅಡಿಯಿಂದ ಮುಡಿಯವರೆಗೆ ತೋರಿಸಿ ಸುಮ್ಮನಾಗುತ್ತಾನೆ. ನೋಡುವವನಿಗೆ ಬೇಕಾದದ್ದೂ ಅಷ್ಟೇ. ಈ ಪರಂಪರೆ ದಾರಾಸಿಂಗರಿಂದ ಮೊದಲಾದದ್ದೂ ಅಲ್ಲ. 1935ರ ‘ಹಂಟರ್‌ವಾಲಿ’ಯಲ್ಲಿ ವಾಡಿಯಾ ಸೋದರರು ನಾಡಿಯಾ ಎಂಬ ಹೆಣ್ಣನ್ನೇ ನಾಯಕನ ಸ್ಥಾನದಲ್ಲಿ ನಿಲ್ಲಿಸಿದರು. ಗಂಡಸರನ್ನು ಹೆಗಲ ಮೇಲೆ ಹೊತ್ತು ಎಸೆಯುವ, ಓಡುವ ರೈಲಿನ ಮೇಲೆ ಹೊಡೆದಾಡುವ ಸಾಹಸಗಳನ್ನು ಆಕೆ ತಾನೇ ಮಾಡುತ್ತಿದ್ದಳು. ಗಣ್ಯರ ಚಿತ್ರಗಳಲ್ಲಿ ನಾಯಕಿ ಕಣ್ಣೀರು ಒರಸಿಕೊಳ್ಳುತ್ತಿದ್ದ ಕಾಲದಲ್ಲಿ ಚಾವಟಿ ಹಿಡಿದ ಹೆಣ್ಣನ್ನು ತೋರಿಸಿದ್ದು ಇದೇ ‘ಕೀಳು’ ಚಿತ್ರ.

‘ಅದೆಲ್ಲ ಮೊದಲೇ ಗೊತ್ತುಮಾಡಿಕೊಂಡ ಆಟ, ಸ್ವಾಮಿ!’ ಎಂಬುದು ಇನ್ನೊಂದು ಬಾಣ. ಹೌದು. ದುರ್ಯೋಧನನ ತೊಡೆ ಮುರಿಯುವುದೂ ಮೊದಲೇ ಗೊತ್ತಾದದ್ದೇ. ಅದಕ್ಕಾಗಿ ಯಕ್ಷಗಾನದ ಪ್ರೇಕ್ಷಕರು ನಡುರಾತ್ರಿ ಎದ್ದು ಹೋದರೆ? ಮೈಸೂರಿನ ದಸರಾ ಕುಸ್ತಿಯಲ್ಲಿ ಯಾರು ಗೆಲ್ಲುವರೆಂದು ನೋಡಲು ಜನ ಸೇರುತ್ತಾರೆ. ಕುಸ್ತಿಯ ಚಿತ್ರದಲ್ಲಿ ಹೇಗೆ ಗೆಲ್ಲುವನೆಂದು ನೋಡಲು. ಎರಡನ್ನೂ ಗೊಂದಲ ಮಾಡಿಕೊಂಡವನು ಗಾಂಧಿಕ್ಲಾಸಿನ ಬೆಂಚಿನ ಮೇಲಿಲ್ಲ, ಬಾಲ್ಕನಿಯಲ್ಲಿದ್ದಾನೆ. ವೃತ್ತಿಕುಸ್ತಿಯನ್ನು ಪಂದ್ಯವೆಂದಲ್ಲ, ಪ್ರದರ್ಶನವೆಂದು ನೋಡಬೇಕೆಂದು ಫ್ರಾನ್ಸಿನ ಪಂಡಿತ ರೋಲಾಂ ಬಾರ್ತ್ 1957ರಲ್ಲಿಯೇ ತಮ್ಮ ‘ಮಿಥಾಲಜೀಸ್’ ಗ್ರಂಥದ ಮೊದಲ ಪ್ರಬಂಧದಲ್ಲಿ ವಾದಿಸಿದರು. ಪ್ಯಾರಿಸ್ಸಿನ ಮುದ್ರೆ ಬಿದ್ದ ಮೇಲೆ ನಮ್ಮ ಬುದ್ಧಿವಂತರಲ್ಲಿ ಕೆಲವರು ತಲೆದೂಗಿದರು. ಎರಡಾಣೆ ಟಿಕೆಟ್ಟಿನ ಪ್ರೇಕ್ಷಕನಿಗೆ ಆ ಮಾತು ಯಾವ ಗ್ರಂಥವೂ ಇಲ್ಲದೆ ತಿಳಿದಿತ್ತು.

ಮೂಗು ಮುರಿಯುವವರಿಗಿಂತಲೂ ನಮಗೆ ಹೆಚ್ಚು ಬೇಸರ ತರಿಸುವವರು ಮತ್ತೊಂದು ಗುಂಪಿನವರು. ಇವರು ಈ ಚಿತ್ರಗಳನ್ನು ಹುಡುಕಿ ನೋಡುತ್ತಾರೆ, ಗೆಳೆಯರನ್ನು ಕೂಡಿಸಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ‘ಎಷ್ಟು ಕೆಟ್ಟದಾಗಿದೆಯೆಂದರೆ ಬಹಳ ಚೆನ್ನಾಗಿದೆ’ ಎನ್ನುವುದು ಇವರ ಪ್ರಶಸ್ತಿ. ಇದು ಮೆಚ್ಚುಗೆಯಲ್ಲ, ಮೆಚ್ಚುಗೆಯ ವೇಷದ ತಿರಸ್ಕಾರ. ರಟ್ಟಿನ ಬಂಡೆ ಅಲುಗಿದಾಗ ನಗಲಿ, ಯಾರು ಬೇಡವೆಂದರು? ಆದರೆ ಅದೇ ಬಂಡೆಯ ಪಕ್ಕದಲ್ಲಿ ಒಬ್ಬನು ನಿಜವಾಗಿ ಬಿದ್ದು ನಿಜವಾಗಿ ಎದ್ದನಲ್ಲ, ಅದು ಕಾಣದ ಕಣ್ಣಿಗೆ ಏನೆನ್ನಬೇಕು? ತಿರಸ್ಕರಿಸುವವನು ಕನಿಷ್ಠ ಹೊರಗೆ ನಿಲ್ಲುತ್ತಾನೆ. ಇವನು ಮನೆಯೊಳಗೆ ಬಂದು ಉಂಡು ಅಡಿಗೆಯವನನ್ನು ಅಣಕಿಸುತ್ತಾನೆ.

ನಮ್ಮ ತಕ್ಕಡಿ ಎಷ್ಟು ಸೊಟ್ಟಗಿದೆ ಎಂಬುದಕ್ಕೆ ಎರಡು ನಿದರ್ಶನ ಸಾಕು. ದಾರಾಸಿಂಗರಿಗೆ ಎದುರಾಗಿ ಹತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಮುಮ್ತಾಜ್ ಬಹುಕಾಲ ‘ಸ್ಟಂಟ್ ನಾಯಕಿ’ ಎಂಬ ಹಣೆಪಟ್ಟಿ ಹೊತ್ತರು. 1970ರ ‘ಖಿಲೋನಾ’ ಬಂದು ಪ್ರಶಸ್ತಿ ಕೈಸೇರಿದಾಗ ಆಕೆ ಒಮ್ಮೆಗೇ ಅಭಿನೇತ್ರಿಯಾದರು. 1987ರಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ದೂರದರ್ಶನದಲ್ಲಿ ಬಂದಾಗ ಅದೇ ದಾರಾಸಿಂಗ್ ಹನುಮಂತರಾದರು. ಅದೇ ಭುಜ, ಅದೇ ಗದೆ. ಮೂಗು ಮುರಿದ ಮನೆಗಳವರೇ ಟಿ.ವಿ. ಪೆಟ್ಟಿಗೆಗೆ ಹಾರ ಹಾಕಿ ಕೈ ಮುಗಿದರು. ದೇಹ ಬದಲಾಗಲಿಲ್ಲ, ಚಿತ್ರದ ಮರ್ಯಾದೆಯ ದರ್ಜೆ ಬದಲಾಯಿತು ಅಷ್ಟೆ.

2016ರಲ್ಲಿ ‘ದಂಗಲ್’ ಮತ್ತು ‘ಸುಲ್ತಾನ್’ ಬಂದವು. ಕೋಟಿಗಟ್ಟಲೆ ಸುರಿದು ತೆಗೆದ ಕುಸ್ತಿಯ ಚಿತ್ರಗಳು. ಅವುಗಳ ಮೇಲೆ ನಮಗೆ ದ್ವೇಷವಿಲ್ಲ. ಅಲ್ಲಿನ ನಟರ ಶ್ರಮವೂ ಶ್ರಮವೇ. ಆದರೆ ನಟನೊಬ್ಬ ಕೆಲವು ತಿಂಗಳು ಮಲ್ಲನಾದುದಕ್ಕೆ ಪುಟಗಟ್ಟಲೆ ಹೊಗಳಿಕೆ. ಮಲ್ಲನೊಬ್ಬ ವರ್ಷಗಟ್ಟಲೆ ನಟನಾದುದಕ್ಕೆ ಕುಹಕ. ಇದು ಯಾವ ನ್ಯಾಯ?

ಇದು ಬರಿಯ ಅಭಿರುಚಿಯ ಜಗಳವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಯಾವುದನ್ನು ಕೀಳೆಂದು ಕರೆಯುತ್ತೇವೋ ಅದನ್ನು ಕಾಪಾಡುವ ಹೊಣೆಯನ್ನೂ ಕೈಬಿಡುತ್ತೇವೆ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ಇಂದು ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಕೂಡ ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ. ಅಷ್ಟರಲ್ಲಿ ಎಷ್ಟೋ ಹಳೆಯ ಸುರುಳಿಗಳನ್ನು ಅವುಗಳಲ್ಲಿದ್ದ ಬೆಳ್ಳಿಯ ಆಸೆಗೆ ಕರಗಿಸಿಯಾಗಿತ್ತು. ಪತಿವ್ರತೆಯರ ಕಥೆಗೇ ಈ ಗತಿಯಾದರೆ ಪೈಲವಾನರ ಕಥೆಯನ್ನು ಕೇಳುವವರಾರು? ಸುರುಳಿಯೊಂದು ಕರಗಿದಾಗ ತೆಳುವಾದ ಕಥೆಯೊಂದೇ ಹೋಗುವುದಿಲ್ಲ. ನಾಯಕನ ಕೈಯಲ್ಲಿ ನೂರು ಬಾರಿ ಬಿದ್ದ, ಹೆಸರೂ ನಮೂದಾಗದ ಮಲ್ಲರ ವಿದ್ಯೆಯ ಏಕಮಾತ್ರ ದಾಖಲೆ ಹೋಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಇಂಥ ಚಿತ್ರಕ್ಕೆ ಪ್ರಶಸ್ತಿ ಕೊಡಿರೆಂದು ಕೇಳುವುದಿಲ್ಲ. ಉಳಿದಿರುವ ಪ್ರತಿಗಳನ್ನು ಉಳಿಸಲಿ. ನೋಡಿ ಸಂತೋಷಪಟ್ಟವನು ಆ ಸಂತೋಷಕ್ಕೆ ನಾಚದಿರಲಿ. ಬಲ್ಲವರು ನೋಡಿ ಒಪ್ಪದಿದ್ದರೆ ವಾದ ಹೂಡಲಿ, ಕಣ ತೆರೆದೇ ಇದೆ. ಆದರೆ ದೂರದಲ್ಲಿ ನಿಂತು ತೊಡೆ ತಟ್ಟಿದರೆ ಸಾಲದು. ಒಳಗೆ ಇಳಿಯಬೇಕು, ಮೈಗೆ ಮಣ್ಣು ತಾಗಬೇಕು.