ಧಮನಿಯ ಗೋಡೆಯೊಳಗೆ ನಡೆಯುವುದೇನು?

2025ರ ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿಗಳು ಬರತೊಡಗಿದಾಗ, ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳ ಮುಂದೆ ಜನರು ಸಾಲುಗಟ್ಟಿ ನಿಂತರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗಲೂ ಹೀಗೆಯೇ ಆಗಿತ್ತು. ಹಾಸನದ ಸಾವುಗಳನ್ನು ಪರಿಶೀಲಿಸಿದ ತಜ್ಞರ ಸಮಿತಿಯು, ಹೃದಯಾಘಾತಗಳು ಒಮ್ಮೆಲೇ ಹೆಚ್ಚಿವೆ ಎನ್ನಲು ಆಧಾರವಿಲ್ಲವೆಂದು ವರದಿ ನೀಡಿತು. ಚಿತ್ರದುರ್ಗ ಬೃಹನ್ಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳವರ ಹೆಸರು ಹೊತ್ತ ಆ ಸಂಸ್ಥೆಯ ಮೇಲೆ ಜನರಿಟ್ಟಿರುವ ನಂಬಿಕೆ ಸಂತೋಷದ ಸಂಗತಿಯೇ. ಆದರೆ ಒಂದು ಇ.ಸಿ.ಜಿ. ತೆಗೆಸಿ, ‘ಸರಿಯಾಗಿದೆ’ ಎಂಬ ಮಾತು ಕೇಳಿ, ಇನ್ನು ಹತ್ತು ವರ್ಷ ಚಿಂತೆಯಿಲ್ಲವೆಂದು ಮನೆಗೆ ಮರಳುವುದು ಸರಿಯಲ್ಲ. ಇ.ಸಿ.ಜಿ. ತೋರಿಸುವುದು ಹೃದಯದ ಆ ಹೊತ್ತಿನ ವಿದ್ಯುತ್ ಚಟುವಟಿಕೆಯನ್ನು. ಧಮನಿಯ ಗೋಡೆಯಲ್ಲಿ ಸದ್ದಿಲ್ಲದೆ ಬೆಳೆಯುತ್ತಿರುವ ಕೊಬ್ಬಿನ ಗಡ್ಡೆ ಅದರಲ್ಲಿ ಕಾಣಿಸುವುದಿಲ್ಲ.

ಕುಮಾರಸ್ವಾಮಿ ಲೇಔಟ್‌ನಂಥ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಬಳಸುವ ಗೃಹಿಣಿಯರಿಗೆ ಗೀಸರಿನ ಒಳಗೆ ಕಟ್ಟುವ ಬಿಳಿಯ ಪದರದ ಪರಿಚಯವಿದ್ದೇ ಇದೆ. ಧಮನಿಯಲ್ಲಿಯೂ ಕೊಬ್ಬು ಹಾಗೆಯೇ ಒಳಮೈಗೆ ಅಂಟುತ್ತದೆಂದು ಹಲವರು ಭಾವಿಸಿದ್ದಾರೆ. ಈ ಹೋಲಿಕೆ ಸುಲಭವಾದರೂ ತಪ್ಪು ದಾರಿಗೆಳೆಯುತ್ತದೆ. ಧಮನಿಯು ಜಡವಾದ ಕೊಳವೆಯಲ್ಲ, ಮೂರು ಪದರಗಳುಳ್ಳ ಜೀವಂತ ಅಂಗ. ಅದರ ಅತ್ಯಂತ ಒಳಗಿನ ಹೊದಿಕೆಯ ದಪ್ಪ ಒಂದೇ ಒಂದು ಜೀವಕೋಶದಷ್ಟು. ಈ ಹೊದಿಕೆಯೇ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸ್ರವಿಸಿ ನಾಳವನ್ನು ಸಡಿಲವಾಗಿಡುತ್ತದೆ, ರಕ್ತ ಹೆಪ್ಪುಗಟ್ಟದಂತೆ ಕಾಯುತ್ತದೆ. ಇದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಏರಿದ ರಕ್ತದೊತ್ತಡ, ತಂಬಾಕಿನ ಹೊಗೆ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇವು ಮೊದಲು ಘಾಸಿಗೊಳಿಸುವುದು ಈ ತೆಳುವಾದ ಹೊದಿಕೆಯನ್ನೇ. ನಾಳಗಳು ಕವಲೊಡೆಯುವಲ್ಲಿ, ಬಾಗುವಲ್ಲಿ ರಕ್ತದ ಹರಿವು ಸುಳಿಯಾಗುವುದರಿಂದ ಅಲ್ಲಿ ಪೆಟ್ಟು ಹೆಚ್ಚು. ಘಾಸಿಗೊಂಡ ಕಡೆ ‘ಎಲ್.ಡಿ.ಎಲ್.’ ಎಂಬ ಕೊಲೆಸ್ಟರಾಲ್ ಕಣಗಳು ಗೋಡೆಯ ಒಳಕ್ಕೆ ನುಸುಳಿ, ಅಲ್ಲಿಯೇ ಸಿಕ್ಕಿಕೊಂಡು ಕೆಡುತ್ತವೆ. ಅವನ್ನು ನಿರ್ಮೂಲ ಮಾಡಲೆಂದು ಬಿಳಿ ರಕ್ತಕಣಗಳು ಹಿಂಬಾಲಿಸಿ ಬರುತ್ತವೆ, ಕೊಬ್ಬನ್ನು ನುಂಗುತ್ತವೆ, ನುಂಗಿ ನುಂಗಿ ನೊರೆ ತುಂಬಿದಂತೆ ಉಬ್ಬಿ ಅಲ್ಲಿಯೇ ಸಾಯುತ್ತವೆ. ರಕ್ಷಿಸಲು ಬಂದವರೇ ಕಸವಾಗಿ ಉಳಿಯುತ್ತಾರೆ! ಆ ಕಸದ ಸುತ್ತ ಉರಿಯೂತ ಹುಟ್ಟುತ್ತದೆ. ನಾಳದ ಸ್ನಾಯುಕೋಶಗಳು ಮೇಲೇರಿ ಬಂದು ನಾರಿನ ಮುಚ್ಚಳವೊಂದನ್ನು ಹೆಣೆಯುತ್ತವೆ. ಕಾಲಕ್ರಮೇಣ ಸುಣ್ಣದ ಅಂಶವೂ ಸೇರುತ್ತದೆ. ವೈದ್ಯರು ‘ಪ್ಲಾಕ್’ ಎನ್ನುವುದು ಇದನ್ನೇ.

ವಿಚಿತ್ರವೆಂದರೆ, ಗಡ್ಡೆ ಬೆಳೆಯುತ್ತಿರುವಾಗ ನಾಳವು ಬಹುಕಾಲ ಹೊರಮುಖವಾಗಿ ಹಿಗ್ಗಿ ದಾರಿಯನ್ನು ತೆರೆದೇ ಇಡುತ್ತದೆ. ಆದುದರಿಂದ ಯಾವ ನೋವೂ ಇರುವುದಿಲ್ಲ. ಅನೇಕ ಹೃದಯಾಘಾತಗಳು ಸಂಭವಿಸುವುದು ಅರ್ಧದಷ್ಟೂ ಕಿರಿದಾಗಿರದ ನಾಳಗಳಲ್ಲಿ. ಗಡ್ಡೆಯ ಗಾತ್ರಕ್ಕಿಂತ ಮುಚ್ಚಳದ ಬಲ ಮುಖ್ಯ. ತೆಳುವಾದ ಮುಚ್ಚಳ ಒಂದು ದಿನ ಬಿರಿದರೆ ಒಳಗಿನ ಕೊಬ್ಬು ರಕ್ತಕ್ಕೆ ತಾಗಿ, ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚಿಬಿಡಬಹುದು. ‘ನಿನ್ನೆ ಸಂಜೆಯವರೆಗೆ ಚೆನ್ನಾಗಿಯೇ ಇದ್ದರಲ್ಲ’ ಎಂದು ಮನೆಯವರು ದುಃಖಿಸುವುದರ ಹಿಂದಿನ ಕಾರಣ ಇದು.

ಇದು ಮುದುಕರ ರೋಗವೆಂಬ ಭಾವನೆಯನ್ನೂ ಬಿಡಬೇಕು. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿ 1953ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸರಾಸರಿ 22 ವರ್ಷದ ಆ ತರುಣರ ಪೈಕಿ ನೂರಕ್ಕೆ 77 ಮಂದಿಯಲ್ಲಿ ಹೃದಯದ ಧಮನಿಗಳ ರೋಗದ ಗುರುತುಗಳಿದ್ದವು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ಹೃದಯಾಘಾತದ ಅಪಾಯದ ಬಹುಪಾಲು ಒಂಬತ್ತೇ ಕಾರಣಗಳಿಂದ ಬರುತ್ತದೆ, ಮತ್ತು ಅವೆಲ್ಲವೂ ಅಳೆಯಬಹುದಾದವು, ಬದಲಿಸಬಹುದಾದವು. ಅದೇ ಅಧ್ಯಯನದಲ್ಲಿ ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಐದಾರು ವರ್ಷ ಮೊದಲೇ ಬಂದಿತ್ತು.

‘ನಾವು ಸಸ್ಯಾಹಾರಿಗಳು, ನಮಗೇಕೆ ಕೊಲೆಸ್ಟರಾಲ್?’ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಸಾಮಾನ್ಯ. ದೇಹದ ಕೊಲೆಸ್ಟರಾಲಿನ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆಗಳ ಗಟ್ಟಿ ಕೊಬ್ಬು ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತದೆ. ಕೆಲವು ಮನೆತನಗಳಲ್ಲಿ ಇದು ಹುಟ್ಟಿನಿಂದಲೇ ಹೆಚ್ಚಿರುತ್ತದೆ. ವನಸ್ಪತಿಯ ‘ಟ್ರಾನ್ಸ್’ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು. 2022ರಿಂದ ಖಾದ್ಯ ತೈಲಗಳಲ್ಲಿ ಅದು ನೂರಕ್ಕೆ 2 ಭಾಗ ಮೀರಬಾರದೆಂಬ ನಿಯಮವಿದೆ. ಆದರೆ ಬೋಂಡಾ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಬಾಣಲೆಗೆ ಆ ನಿಯಮದ ಕಾವಲಿಲ್ಲ. ಹಬ್ಬದ ದಿನ ಹೋಳಿಗೆಗೆ ಒಂದು ಚಮಚ ತುಪ್ಪ ಹಾಕಿಕೊಂಡರೆ ಪ್ರಮಾದವೇನಿಲ್ಲ. ದಿನನಿತ್ಯದ ಉಪ್ಪಿನಕಾಯಿ, ಹಪ್ಪಳ, ಊಟದ ನಂತರದ ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು ಇವುಗಳ ಬಗೆಗೆ ನನಗೆ ಹೆಚ್ಚು ಚಿಂತೆ.

ಮೂವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳನ್ನು ಅಳೆಸಿಕೊಳ್ಳುವುದು ಲೇಸು. ವೈದ್ಯರು ಕೊಟ್ಟ ‘ಸ್ಟಾಟಿನ್’ ಮಾತ್ರೆಗಳು ಎಲ್.ಡಿ.ಎಲ್. ಇಳಿಸುವುದಲ್ಲದೆ ಗಡ್ಡೆಯ ಮುಚ್ಚಳವನ್ನೂ ಗಟ್ಟಿಗೊಳಿಸುತ್ತವೆ. ವರದಿ ಸರಿಬಂತೆಂದು ತಾವೇ ಅವನ್ನು ನಿಲ್ಲಿಸಕೂಡದು. ವರದಿ ಸರಿಬಂದದ್ದೇ ಮಾತ್ರೆಯಿಂದ.

ನಮ್ಮ ಬಡಾವಣೆಯ ಏರು ರಸ್ತೆಗಳಲ್ಲಿ ತರಕಾರಿಯ ಚೀಲ ಹಿಡಿದು ಹತ್ತುವಾಗ ಎದೆ ಬಿಗಿದಂತಾಗಿ, ನಿಂತರೆ ಸರಿಹೋಗುವುದಾದರೆ ಅದನ್ನು ವಯಸ್ಸಿನ ಆಯಾಸವೆಂದು ತಳ್ಳಿಹಾಕಬಾರದು. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತಾಗ ಬಿಡುವುದೂ ಕಾಲಿನ ಧಮನಿ ಕಿರಿದಾಗಿರುವುದರ ಗುರುತಾಗಿರಬಹುದು. ಮಿದುಳಿನ ನಾಳದಲ್ಲಿ ಇದೇ ನಡೆದರೆ ಪಾರ್ಶ್ವವಾಯು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಬೆವರು, ಏದುಸಿರು, ವಾಕರಿಕೆ ಬರಬಹುದು. ಆಗ ‘ಗ್ಯಾಸ್’ ಎಂದು ಜೀರಿಗೆ ಕಷಾಯ ಕುಡಿಸಿ ಬೆಳಗಾಗುವುದನ್ನು ಕಾಯುವುದು ಅಪಾಯ. ಒಡನೆಯೇ 108ಕ್ಕೆ ಕರೆ ಮಾಡಬೇಕು. ಊರಿನಲ್ಲಿರುವ ಬಂಧುಗಳಿಗೂ ತಿಳಿಸಿರಿ: ಪುನೀತ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ.